ಜ್ವರದ ವರ್ಷದ ಕೂಸು

ಬೆಳಗಿನ ಹತ್ತು ಗಂಟೆ, 1938ರ ನವೆಂಬರ್ ತಿಂಗಳ ಒಂದು ಸಂತೆ ದಿನ. ಹಳಿಯಾಳದ ಪೇಟೆಯಲ್ಲಿ ಗನಿಸಾಬನ ಬಟ್ಟೆ ಅಂಗಡಿಯ ಕಟ್ಟೆಯ ಮೇಲೆ ಚೀನಾದ ವ್ಯಾಪಾರಿಯೊಬ್ಬ ರೇಷ್ಮೆಯ ಗಂಟು ಇಳಿಸಿದ.

ಸೀಗೆಕಾಯಿ ಮಾರಿ ಮುಗಿಸಿದ್ದ ರೋಜಿ ಅದೇ ಕಟ್ಟೆಯ ನೆರಳಲ್ಲಿ ಕೂತಿದ್ದಳು. ಸಿದ್ದಿಯರ ಹುಡುಗಿ, ಆರು ತಿಂಗಳ ಚೊಚ್ಚಲ ಬಸುರಿ. ಪಕ್ಕದಲ್ಲಿ ಅವಳ ಊರಿನ ಸೂಲಗಿತ್ತಿ ತಾಯವ್ವ. ಇಬ್ಬರೂ ಕೂಡಿಯೇ ಸಂತೆಗೆ ಬಂದಿದ್ದರೂ ರೋಜಿ ಇದುವರೆಗೆ ಮುದುಕಿಗೆ ಹೊಟ್ಟೆ ಮುಟ್ಟಗೊಟ್ಟಿರಲಿಲ್ಲ. ತಬ್ಬಲಿಯಾದ ಅವಳನ್ನು ಕುಂಬಾರವಾಡದಲ್ಲಿ ಸಾಕಿದ ಬಂಧುಗಳು ಜ್ವರದ ವರ್ಷದ ಕೂಸು ಎಂದೇ ಕರೆಯುತ್ತಿದ್ದರು. ಅವ್ವ ಸತ್ತದ್ದೂ ಅದೇ ವರ್ಷ ಎಂದು ಕೇಳಿ, ತನ್ನನ್ನು ಹೆರುವಾಗಲೇ ಸತ್ತಳು, ತನಗೂ ಅದೇ ಗತಿ ಎಂದು ರೋಜಿ ನಂಬಿದ್ದಳು. ಮದುವೆಯಾಗಿ ಹುಟ್ಟೂರಿಗೇ ಬಂದ ಮೇಲೂ ಈ ಭಯದ ಬಗ್ಗೆ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ಗಿರಾಕಿ ಇಲ್ಲದ ಹೊತ್ತಿನಲ್ಲಿ ವ್ಯಾಪಾರಿ ಹರಕು ಹಿಂದುಸ್ತಾನಿಯಲ್ಲಿ ತನ್ನ ದೇಶದ ಲೆಕ್ಕ ಹೇಳತೊಡಗಿದ. ವರ್ಷಕ್ಕೊಂದು ಪ್ರಾಣಿ, ಹನ್ನೆರಡು ವರ್ಷಕ್ಕೊಂದು ಸುತ್ತು. ಹುಟ್ಟಿದ ವರ್ಷದ ಪ್ರಾಣಿಯ ಗುಣ ಮನುಷ್ಯನಿಗೆ ಬರುತ್ತದಂತೆ. ಗನಿಸಾಬ ಅದನ್ನು ಕನ್ನಡದಲ್ಲಿ ಹೇಳುತ್ತಿದ್ದ. ಗನಿಸಾಬನದೇ ವರ್ಷ ಎಣಿಸಿದಾಗ ಇಲಿ ಎಂದು ಬಂತು.

“ಅರಿವಿ ಅಂಗಡ್ಯಾಗ ಇಲಿ ಕುಂತೈತಿ ಅಂತ ಯಾರಿಗೂ ಹೇಳಬ್ಯಾಡ್ರಿ ಮತ್ತ,” ಎಂದ ಗನಿಸಾಬ.

ರೋಜಿ ನಕ್ಕು, ತನ್ನದೇನು ಎಂದು ಕೇಳಿದಳು. ಇಸವಿ ಗೊತ್ತಿಲ್ಲ, ದೊಡ್ಡ ಜ್ವರದ ವರ್ಷ ಎಂದಳು. ಇಪ್ಪತ್ತು ವರ್ಷದ ಹಿಂದೆ ದೇಶದೇಶಗಳಲ್ಲಿ ಹಬ್ಬಿದ್ದ ಆ ಜ್ವರ ವ್ಯಾಪಾರಿಗೂ ನೆನಪಿತ್ತು. ಬೆರಳ ಗೆಣ್ಣು ಎಣಿಸಿ, ಕುದುರೆ ಎಂದ.

“ಎಲ್ಲೀ ಕುದುರಿ?” ತಾಯವ್ವ ನಡುವೆ ಬಾಯಿ ಹಾಕಿದಳು. “ಜ್ವರ ಬಂದಾಗ ಇಕಿ ಅಂಗಳದಾಗ ಓಡ್ಯಾಡ್ತಿದ್ಲು. ಅದರ ಹಿಂದಿನ ವರ್ಷ, ಮಳಿಗಾಲದಾಗ, ನನ್ನ ಕೈಯಾಗ ಹುಟ್ಯಾಳ.”

ರೋಜಿಯ ನಗು ನಿಂತಿತು. “ಮತ್ತ ಅವ್ವ?”

“ನಿನ್ನನ್ನ ಬೆನ್ನಿಗೆ ಕಟಗೊಂಡು ಗದ್ದಿಗೆ ಹೋಗ್ತಿದ್ಲು.” ಮುದುಕಿ ಅವಳ ಮುಖವನ್ನೇ ನೋಡಿದಳು. ಇಷ್ಟು ದಿನದ ಹಟಕ್ಕೆ ಕಾರಣ ಈಗ ತಿಳಿಯಿತು. “ಆಕಿನ್ನ ಒಯ್ದದ್ದು ಜ್ವರ, ಮಗಳ. ನೀ ಅಲ್ಲ.”

“ಮೊದಲ ಯಾಕ ಹೇಳಲಿಲ್ಲ, ಆಯಿ?”

“ನೀ ಯಾವಾಗ ಕೇಳಿದಿ?”

ವ್ಯಾಪಾರಿಯ ಎಣಿಕೆ ಒಂದು ಗೆಣ್ಣು ಹಿಂದೆ ಸರಿದು, ಹಿಂದಿನ ವರ್ಷದ ಪ್ರಾಣಿಗೆ ಬಂತು. ಹಾವು ಎಂಬ ಮಾತನ್ನು ಬಸುರಿಯ ಮುಂದೆ ಹೇಳಲು ಗನಿಸಾಬ ಅನುಮಾನಿಸಿ, ಕೊನೆಗೆ ಹೇಳಿದ. ಒಳ್ಳೆಯ ಪ್ರಾಣಿಯಂತೆ, ಆ ವರ್ಷ ಹುಟ್ಟಿದವರು ಬುದ್ಧಿವಂತರಂತೆ, ಆದರೆ ಮನಸ್ಸಿನಲ್ಲಿದ್ದದ್ದನ್ನು ಹೊರಗೆ ಹಾಕುವುದಿಲ್ಲವಂತೆ.

“ಅದೊಂದು ಖರೆ ಹೇಳಿದ ನೋಡು,” ಎಂದಳು ತಾಯವ್ವ.

ರೋಜಿ ಮುದುಕಿಯ ಕೈ ಹಿಡಿದು, ಸೆರಗಿನ ಒಳಗೆ ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು.

ಫೆಬ್ರುವರಿಯ ಕೊನೆಗೆ ತಾಯವ್ವನ ಕೈಯಲ್ಲೇ ಹೆಣ್ಣು ಕೂಸು ಹುಟ್ಟಿತು. ಆ ಮಳೆಗಾಲ ರೋಜಿ ಅದನ್ನು ಬೆನ್ನಿಗೆ ಕಟ್ಟಿಕೊಂಡು ಗದ್ದೆಗೆ ಹೋದಳು.