ಹನಿ ನುಗ್ಗದ ಪೆಟ್ಟಿಗೆ

ನಂಜನಗೂಡಿನ ಚಿಕ್ಕಸ್ವಾಮಿ ಮಾಡಿದ ತಗಡಿನ ಪೆಟ್ಟಿಗೆಯೊಂದು ಕಪಿಲೆಯ ಪ್ರವಾಹದಲ್ಲಿ ಹದಿನೇಳು ದಿನ ತೇಲಿ, ತಿರುಮಕೂಡಲಿನಲ್ಲಿ ಕಾವೇರಿಗೂ ಕೈಮುಗಿದು, ಸಮುದ್ರ ನೋಡಿಕೊಂಡು ವಾಪಸ್ಸು ಬಂದಾಗ ಒಳಗಿದ್ದ ರೇಡಿಯೊ ಇನ್ನೂ ಹಾಡುತ್ತಿತ್ತು. ನಂಬದವರು ಅವನನ್ನೇ ಕೇಳಬಹುದು. ಯಾವ ಹಾಡೆಂದೂ ಹೇಳುತ್ತಾನೆ. ಕೇಳಿದಾಗಲೆಲ್ಲ ಹಾಡು ಬೇರೆ.

ಇಂಡಸ್ಟ್ರಿಯಲ್ ಏರಿಯಾದ ಶೆಡ್ಡೊಂದರಲ್ಲಿ ಅವನದು ವೆಲ್ಡಿಂಗ್ ಕೆಲಸ. ಕರೆಂಟಿನ ಬೋರ್ಡು, ವೈರುಗಳನ್ನು ಮಳೆ ಧೂಳಿನಿಂದ ಕಾಯುವ ಪೆಟ್ಟಿಗೆಗಳನ್ನು ಬೆಸೆಯುತ್ತಿದ್ದ. ಅವನ ವೆಲ್ಡಿಂಗ್ ಬೆಳಕಿಗೆ ಬಿಳಿಗೆರೆಯ ಕೋಳಿಗಳೆಲ್ಲ ಬೆಳಗಾಯಿತೆಂದು ಕೂಗುತ್ತಿದ್ದವಂತೆ. ಅವನು ಮಾಡಿದ ಒಂದು ಪೆಟ್ಟಿಗೆ ಟಿ. ನರಸೀಪುರದ ಆಚೆ, ಸೋಸಲೆ ದಾರಿಯ ಹಳ್ಳಿಯೊಂದರ ನೀರಿನ ಪಂಪಿಗೆ ಹೋಯಿತು. ಅಲ್ಲಿ ವಾಟರ್‌ಮನ್ ಆಗಿದ್ದವನು ಅವನ ತಂಗಿ ಸಣ್ಣತಾಯಮ್ಮನ ಗಂಡ ಮಂಟೇಸ್ವಾಮಿ.

ಮುಂಗಾರಿನ ಮೊದಲ ದೊಡ್ಡ ಮಳೆಗೇ ಪೆಟ್ಟಿಗೆಯೊಳಗಿನ ಬೋರ್ಡು ಸುಟ್ಟುಹೋಯಿತು. ಊರಿಗೆ ಐದು ದಿನ ನೀರಿಲ್ಲ. ಪಂಚಾಯಿತಿ ಅಧಿಕಾರಿ ಮಧುಶ್ರೀ ಚಿಕ್ಕಸ್ವಾಮಿಗೆ ಫೋನು ಮಾಡಿದರು.

"ಬೀಗ ಹಾಕಿದ್ರೂ ಮಳೆನೀರು ಒಳಗೆ ಹೋಗುತ್ತೇನ್ರೀ?"

"ನಾನ್ ಮಾಡಿದ್ ಪೆಟ್ಟಿಗೇಗಾ? ಏನ್ ಮೇಡಂ ಇಂಗಂದ್ಬುಟ್ರಿ! ವರುಣದೇವ್ರೇ ಬಂದು ಅರ್ಜಿ ಕೊಟ್ರೂ ಒಂದ್ ಅನಿ ಒಳಿಕ್ ಬಿಡಾಕಿಲ್ಲ. ಬಾಗ್ಲು ತಗ್ದು ಬುಟ್ಟಿದ್ರೆ ಮಾತ್ರ ನಂಗೊತ್ತಿಲ್ಲ!"

ಅದು ತಂಗಿಯ ಗಂಡನ ಪಂಪು ಎಂಬುದು ಆಗ ಅವನ ನೆನಪಿಗೇ ಬರಲಿಲ್ಲವಂತೆ. ಫೋನಿಟ್ಟು ಟೀ ಕುಡಿದ.

ವಾರ ಕಳೆದ ಮೇಲೆ ತಂಗಿ ಬರಹೇಳಿದಳು. ಸುಟ್ಟ ಬೋರ್ಡು ತೆಗೆಸಿದ ಖಾಲಿ ಪೆಟ್ಟಿಗೆ ಪಂಚಾಯಿತಿ ಅಂಗಳದಲ್ಲಿ ನಿಂತಿತ್ತು. ಪಕ್ಕದಲ್ಲಿ ಸಣ್ಣತಾಯಮ್ಮ, ಎರಡು ಕೊಡ ನೀರು.

"ಅಣ್ಣ, ನೀನೇ ಬೀಗ ಆಕು."

ಹಾಕಿದ.

"ಎಳ್ದು ನೋಡು."

"ಆನೆ ಎಳುದ್ರೂ ಬರಾಕಿಲ್ಲ ಕಣವ್ವ."

ಅವಳು ಎರಡೂ ಕೊಡಗಳನ್ನು ಪೆಟ್ಟಿಗೆಯ ನೆತ್ತಿಯ ಮೇಲೆ, ಪಕ್ಕಗಳ ಮೇಲೆ ಸುರಿದಳು. "ಈಗ ತಗಿ."

ಬಾಗಿಲು ತೆಗೆದದ್ದೇ ತಡ, ಒಳಗಿನ ನೀರು ಅವನ ಪಾದದ ಮೇಲೆ ಧುಮುಕಿತು.

"ನೀನು ಸಿಟ್ಟಲ್ಲಿ ಉಯ್ದೆ ಕಣವ್ವ, ಅದ್ಕೇ ನೀರೂ ಸಿಟ್ಟಾಗಿ ನುಗ್ತು," ಎಂದು ನಗಿಸಲು ನೋಡಿದ. ಯಾರೂ ನಗಲಿಲ್ಲ.

ಮಂಟೇಸ್ವಾಮಿ ಜಗಲಿಯಿಂದ ಮೆಲ್ಲಗೆ ಎಂದ: "ಇಪ್ಪತ್ತೊರ್ಸದಲ್ಲಿ ಒಂದಿನಾನೂ ಬಾಗ್ಲು ತಗ್ದು ಬುಟ್ಟೋನಲ್ಲ ಭಾವ ನಾನು. ಆದ್ರೂ ನೀವು ಅಂಗಂದ್ರಿ ಅಂತ ಗೊತ್ತಾದ್ಮೇಲೆ, ನಾನೇ ಮರ್ತಿದ್ದೇನೋ ಅಂದ್ಕೊಂಡೆ. ತಪ್ಪಾಯ್ತು ಅಂತ ಬರ್ಕೊಟ್ಟು ರುಜು ಆಕ್ಬುಟ್ಟೆ."

ಬಾಗಿಲಲ್ಲಿ ನಿಂತಿದ್ದ ಮಧುಶ್ರೀ ನೀರು ಹರಿದ ನೆಲ ನೋಡುತ್ತ, "ಮಂಟೇಸ್ವಾಮೀನ ಕೆಲ್ಸದಿಂದ ತೆಗ್ದು ಆರ್ಡರ್ ಆಗೋಯ್ತಲ್ಲ. ನಿನ್ನೇನೇ ಇನ್ನೊಬ್ಬ ಹುಡುಗ ಬಸವೇಶ್‌ನ ಆ ಕೆಲ್ಸಕ್ಕೆ ಹಾಕಿದ್ವಿ," ಎಂದರು.

ಸಣ್ಣತಾಯಮ್ಮ ಬರಿದಾದ ಕೊಡಗಳನ್ನು ಕೆಳಗಿಟ್ಟಳು. "ಈಗ್ಲಾರ ನಿಜ ಹೇಳಣ್ಣ."

ಚಿಕ್ಕಸ್ವಾಮಿ ಕುಕ್ಕರಗಾಲಲ್ಲಿ ಕೂತ. ಪೆಟ್ಟಿಗೆಯ ಪಕ್ಕದಲ್ಲಿ ಸಾಲಾಗಿ ಸೀಳಿ, ತಗಡನ್ನು ರೆಪ್ಪೆಯಂತೆ ಹೊರಕ್ಕೆ ಬಗ್ಗಿಸಿದ ಗಾಳಿಕಂಡಿಗಳ ಮೇಲೆ ಬೆರಳಾಡಿಸಿದ.

"ಈ ಕಂಡಿ ರೆಪ್ಪೆ ಕೆಳಿಕ್ಕೆ ನೋಡ್ಬೇಕು. ಆಗ ಮಳೆ ಜಾರೋಯ್ತದೆ. ನಾನು ತಗಡ್ನ ತಲೆಕೆಳಗಾಗಿ ಬೆಸ್ದ್ಬುಟ್ಟೆ. ರೆಪ್ಪೆ ಎಲ್ಲಾ ಮ್ಯಾಕೆ ಬೊಗಸೆ ಒಡ್ಡವೆ."

"ಯಾವಾಗ ಗೊತ್ತಾಯ್ತು?"

"ಬಣ್ಣ ಒಡ್ಯಕ್ ಮುಂಚೇನೇ. ಕಿತ್ತು ಬೆಸುದ್ರೆ ಶೆಡ್ನೋರೆಲ್ಲಾ ನಗ್ತಾರೆ ಅಂತ ಸುಮ್ಕಾದೆ."

"ಮೇಡಂ ಫೋನ್ ಮಾಡ್ದಾಗ, ಇದು ನಮ್ಮೂರ್ ಪಂಪು, ನನ್ ಗಂಡನ್ ಕೆಲ್ಸ ಅಂತ?"

ಅವನು ಒದ್ದೆ ಪಾದ ನೋಡಿಕೊಂಡ.

"ಗೊತ್ತಿತ್ತು ಕಣವ್ವ."