ಹದ್ದುಗಣ್ಣನಿಗೆ ಪರೀಕ್ಷೆ

ಬಸ್ ಸ್ಟ್ಯಾಂಡಿನಲ್ಲಿ ಅವನನ್ನು ಹದ್ದುಗಣ್ಣ ಎನ್ನುತ್ತಿದ್ದರು. ಹೆಸರಿಟ್ಟವರು ಯಾರು ಅಂತೀರಿ? ಅವನೇ! ಇಪ್ಪತ್ತು ವರ್ಷದಿಂದ ಬಸ್ಸು ಓಡಿಸುತ್ತಿದ್ದ ಈ ಮಹಾಶಯನ ಅಕ್ಕನಿಗೆ ಕಣ್ಣಿನ ರೆಟಿನಾ ಸವೆದು ಕತ್ತಲಲ್ಲಿ ಕಾಣದಂತಾಗುವ ಕಾಯಿಲೆ ಇರುವುದು ಗೊತ್ತಾಯಿತು. ಇದು ವಂಶದಲ್ಲೇ ಬರುವಂಥದ್ದು, ತಮ್ಮನೂ ತೋರಿಸಿಕೊಳ್ಳಲಿ ಎಂದರು ಡಾಕ್ಟರಮ್ಮ. ಈ ಫಾರಮ್ಮಿಗೆ ಅವರ ಸಹಿ ಬೀಳುವವರೆಗೂ ಸ್ಟೇರಿಂಗ್ ಮುಟ್ಟಬೇಡ ಎಂದರು ಡಿಪೋದವರು.

"ಅಪ್ಪನ ಕಾಯಿಲೆ ಅಕ್ಕನಿಗೆ ಹೋಯ್ತು, ಅಲ್ಲಿಗೆ ಕೋಟಾ ಮುಗೀತು," ಎಂದು ಮೀಸೆ ತಿರುವುತ್ತಲೇ ಅವನು ಅಕ್ಕನ ಜೊತೆ ಆಸ್ಪತ್ರೆಗೆ ಬಂದ.

ಮೊದಲು ಬಿಳಿ ಬೋಗುಣಿಯಂಥ ಯಂತ್ರ. ಗದ್ದ ಊರಿ, ಒಂದು ಕಣ್ಣು ಮುಚ್ಚಿ, ನಡುವಿನ ಚುಕ್ಕೆಯನ್ನೇ ನೋಡಬೇಕು. ಸುತ್ತ ಎಲ್ಲಾದರೂ ಬೆಳಕು ಮಿನುಗಿದರೆ ಕೈಯಲ್ಲಿನ ಗುಂಡಿ ಒತ್ತಬೇಕು. ಸುತ್ತಲಿನದು ಒಂದೂ ಕಾಣಲಿಲ್ಲ. ಆದರೆ ಕಿವಿ ಚುರುಕು ನೋಡಿ! ಪ್ರತಿ ಬೆಳಕಿಗೂ ಮುಂಚೆ ಯಂತ್ರ ಟಿಕ್ ಎನ್ನುವುದನ್ನು ಪತ್ತೆಹಚ್ಚಿದ. ಟಿಕ್ ಎಂದಾಗಲೆಲ್ಲ ಒತ್ತಿದ. ಯಂತ್ರಕ್ಕೇ ಚಳ್ಳೆಹಣ್ಣು ತಿನ್ನಿಸಿದೆನೆಂದು ಒಳಗೊಳಗೇ ಬೀಗಿದ.

ಡಾಕ್ಟರಮ್ಮ ಹಾಳೆ ನೋಡಿ ನಕ್ಕರು. "ಅಲ್ಲಪ್ಪಾ, ಇದು ಆಗಾಗ ಬರೀ ಟಿಕ್ ಅನ್ನುತ್ತೆ, ಬೆಳಕು ಬಿಡಲ್ಲ. ನಿಮ್ಮಂಥವರನ್ನ ಹಿಡಿಯೋಕೇ ಹಾಗೆ ಮಾಡಿರೋದು. ಇಲ್ಲದ ಬೆಳಕನ್ನ ಹದಿನಾಲ್ಕು ಸಲ ಕಂಡಿದ್ದೀರಲ್ಲ!"

ಎರಡನೆಯದಕ್ಕೆ ಗುಂಡಿಯೇ ಇರಲಿಲ್ಲ. ಅರ್ಧ ಗಂಟೆ ಕತ್ತಲಲ್ಲಿ ಕೂರಿಸಿ, ಕೆಳರೆಪ್ಪೆಯಂಚಿಗೆ ಕೂದಲಿನಂಥ ಎಳೆ ತಗುಲಿಸಿ, ಬೆಳಕು ಚಿಮ್ಮಿಸಿದರು. ಕಣ್ಣು ತಾನೇ ಉತ್ತರ ಕೊಡಬೇಕು, ಕಂಪ್ಯೂಟರಿನಲ್ಲಿ ಗೆರೆ ಏರಿಳಿಯಬೇಕು. ಗೆರೆ ಹಾಸಿಗೆ ಹಾಸಿಕೊಂಡು ಮಲಗಿತ್ತು.

"ಮಿಷನ್ ಕೆಟ್ಟಿರಬೇಕು," ಎಂದ. ಡಾಕ್ಟರಮ್ಮ ಇಲ್ಲವೆಂದು ತಲೆಯಾಡಿಸಿದ ಮೇಲೆ ದನಿ ಇಳಿಯಿತು. "ಕಾಲಿಗೆ ಬೀಳ್ತೀನಿ, ಸಹಿ ಹಾಕಿ ಡಾಕ್ಟ್ರಮ್ಮ. ಈ ಕೆಲಸ ಬಿಟ್ರೆ ನನಗೆ ಬೇರೇನೂ ಬರಲ್ಲ. ಹಗಲು ಚೆನ್ನಾಗೇ ಕಾಣುತ್ತೆ. ಕತ್ತಲಾದ ಮೇಲೆ ಒಂದೇ ಟ್ರಿಪ್ಪು, ಕಾಲೇಜು ಮಕ್ಕಳು ಅಷ್ಟೇ. ರಸ್ತೆ ಬಾಯಿಪಾಠ, ಏನೂ ಆಗಲ್ಲ."

ಪಕ್ಕದಲ್ಲಿ ಕೂತಿದ್ದ ಅಕ್ಕ ಈಗ ಬಾಯಿ ತೆರೆದಳು.

"ಏನೂ ಆಗಲ್ವೇನೋ? ನಿನ್ನ ಮಗಳೂ ಅದೇ ಕಾಲೇಜಲ್ವಾ? ಎರಡು ವರ್ಷದಿಂದ ಅವಳನ್ನ ಆ ಬಸ್ಸಿಗೆ ಯಾಕೋ ಹತ್ತಿಸ್ತಿಲ್ಲ? ದಿನಾ ಅವಳ ಮಾವನ ಸ್ಕೂಟರಲ್ಲೇ ಮನೆಗೆ ಬರಬೇಕು ಅಂತ ಯಾಕೋ ಕಟ್ಟುನಿಟ್ಟು ಮಾಡಿದ್ದೀಯ?"

ಹದ್ದುಗಣ್ಣ ಡಿಪೋದ ಫಾರಮ್ಮನ್ನು ಮೇಜಿನಿಂದ ಎತ್ತಿ ಮಡಚಿದ.

"ನಲವತ್ತು ಮಕ್ಕಳು ಹತ್ತುತ್ತಾರೆ ಡಾಕ್ಟ್ರಮ್ಮ, ಆ ಟ್ರಿಪ್ಪಿಗೆ," ಎಂದ. "ಸಹಿ ಹಾಕಬೇಡಿ."