ಸುಜು ಕನ್ನಡದಲ್ಲಿ ಮಾತಾಡಿದ ಶುಕ್ರವಾರ

ಗ್ಯಾಸ್ ಟ್ಯಾಂಕಿನ ಛಾವಣಿ ಒಂಚೂರೂ ವಾಲದೆ ಮೇಲೇರಿ ಕೂತ ಖುಷಿಗೆ ಕಂಪನಿಯವರು ದೋಹಾ ಹೊರವಲಯದ ಇಂಡಸ್ಟ್ರಿಯಲ್ ಏರಿಯಾದಲ್ಲಿದ್ದ ಕಾರ್ಮಿಕರ ಕ್ಯಾಂಪಿನಲ್ಲಿ ಔತಣ ಇಟ್ಟಿದ್ದರು. ೨೦೦೭ರ ಒಂದು ಶುಕ್ರವಾರ ಮಧ್ಯಾಹ್ನ. ಬಿರಿಯಾನಿ ಮುಗಿದ ಮೇಲೆ ಊಟದ ಹಾಲ್‌ನಲ್ಲೇ ಸಿನಿಮಾ. ಇಂಜಿನಿಯರ್ ಒಕಾಬೆ ತಮ್ಮ ದೇಶದಿಂದ ಹೊಸ ಡಿವಿಡಿ ತರಿಸಿದ್ದರು. ಹಾಕಿ ನೋಡಿದರೆ ಬರೀ ಜಪಾನಿ ಮಾತು, ಕೆಳಗೆ ಇಂಗ್ಲಿಷ್ ಅಕ್ಷರವೇ ಇಲ್ಲ. ಹಿಂದಿನ ಸಾಲಿನವರು ಆಗಲೇ ಎದ್ದು ಚಪ್ಪಲಿ ಹುಡುಕತೊಡಗಿದ್ದರು.

ಒಕಾಬೆ ಮೈಕನ್ನು ಯಶ್ಮಿತಾಳ ಕೈಗೆ ಕೊಟ್ಟರು. ಕಾಪುವಿನವಳಾದ ಅವಳು ದೋಹಾ ಆಫೀಸಿನಲ್ಲಿ ಜಪಾನಿ ಕಾಗದಪತ್ರ ಅನುವಾದಿಸುತ್ತಿದ್ದಳು. ಹಿಂದೊಮ್ಮೆ ದೊಡ್ಡ ಮೀಟಿಂಗಿನಲ್ಲಿ ದುಭಾಷಿಯಾಗಿ ನಿಂತು, ನಡುವೆ ಬಾಯಿ ಕಟ್ಟಿ, ಎಲ್ಲರೆದುರು ಹೊರನಡೆದಿದ್ದಳು. ಅಂದಿನಿಂದ ಮೈಕ್ ಮುಟ್ಟಿರಲಿಲ್ಲ. ಇವತ್ತು ಒಪ್ಪಿದ್ದಕ್ಕೆ ಒಂದೇ ಕಾರಣ: ಈ ಕತೆ ಮೊದಲು ಮಂಗಾ ಎಂಬ ಜಪಾನಿ ಚಿತ್ರಕತೆಯಾಗಿ ಬಂದಿತ್ತು, ಅದನ್ನು ಓದಿ ಓದಿಯೇ ಅವಳು ಆ ಭಾಷೆ ಕಲಿತಿದ್ದಳು.

ಪರದೆಯ ಮೇಲೆ ಸುಜು ಎಂಬ ಹುಡುಗಿ, ತನ್ನ ತಮ್ಮನನ್ನು ಹೊತ್ತೊಯ್ದ ಕೆರೆಯ ನಾಗದೈತ್ಯನನ್ನು ಹುಡುಕಿ ಹೊರಟಳು. ಯಶ್ಮಿತಾ ಹಿಂದಿಯಲ್ಲಿ ತಡವರಿಸುತ್ತಾ ಹೇಳತೊಡಗಿದಳು. ಮುಂದೆ ಕೂತಿದ್ದ ಬಾಗಲಕೋಟೆಯ ಫೋರ್‌ಮನ್ ಪಂಚಪ್ಪ ಎದ್ದು ಬಂದ.

"ಅಕ್ಕಾರ, ಹಿಂದಿ ಬ್ಯಾಡ್ರಿ. ನಮ್ಮ ಮಾತಿನ್ಯಾಗ ಹೇಳ್ರಿ. ಹಿಂದಿಯವ್ರಿಗೆ ನಾ ಹೇಳ್ತೀನಿ."

ಮಲಯಾಳಿಗಳಿಗೆ ತಾನು ಹೇಳುತ್ತೇನೆಂದು ಮೆಸ್ಸಿನ ವ್ಯಾಲೆಂಟೈನ್ ಸೌಟು ಹಿಡಿದೇ ಬಂದು ನಿಂತ. ಅಲ್ಲಿಂದ ಸಿನಿಮಾ ಓಡಿತು. ಒಂದು ತಮಾಷೆಗೆ ಮೊದಲು ಕನ್ನಡದವರು ನಗುತ್ತಿದ್ದರು, ಆಮೇಲೆ ಹಿಂದಿಯವರು, ಅವರ ನಗು ನಿಲ್ಲುವಷ್ಟರಲ್ಲಿ ಮಲಯಾಳಿಗಳು. ಹೊರಟವರು ಮರಳಿ ಕೂತರು.

ಕೊನೆಯ ಕಾಳಗ ಬಂತು. ಮಂಗಾದಲ್ಲಿ ಸುಜು ಇಲ್ಲಿ ಕಲ್ಲಾಗುತ್ತಾಳೆ. ಯಶ್ಮಿತಾ ಆ ಮಾತುಗಳನ್ನು ಮನಸ್ಸಿನಲ್ಲೇ ಸಿದ್ಧ ಮಾಡಿಕೊಂಡಿದ್ದಳು. ಆದರೆ ಸುಜು ಕಲ್ಲಾಗಲಿಲ್ಲ. ಕತ್ತಿ ಬಿಸಾಡಿ ನೀರಿಗಿಳಿದಳು. ಸಿನಿಮಾದವರು ಕತೆಯನ್ನೇ ಬದಲಾಯಿಸಿದ್ದರು. ಆ ಮೀಟಿಂಗಿನಲ್ಲಾದಂತೆಯೇ ಯಶ್ಮಿತಾಳ ಕಿವಿಯಲ್ಲಿ ಜುಂಯ್ ಎನ್ನತೊಡಗಿತು. ಪಂಚಪ್ಪ ಅವಳ ಬಾಯಿಯನ್ನೇ ನೋಡುತ್ತಿದ್ದ. ಕೂತವರೆಲ್ಲ ಕಾಯುತ್ತಿದ್ದರು.

ಅವಳು ಕಣ್ಣು ಮುಚ್ಚಿ ಬರೀ ಕೇಳಿಸಿಕೊಂಡಳು. ಸುಜು ಏದುಸಿರು ಬಿಡುತ್ತಾ ಏನೋ ಹೇಳುತ್ತಿದ್ದಳು. ಓದಿದ್ದಲ್ಲ, ಹೊಸ ಮಾತು. ಅರ್ಥವಾಯಿತು.

"ನನ್ನ ತಮ್ಮನನ್ನು ಬಿಡು," ಯಶ್ಮಿತಾಳ ದನಿ ಹಾಲ್‌ನ ಕೊನೆಯ ಗೋಡೆ ಮುಟ್ಟಿತು. "ಬಿಡದಿದ್ದರೆ ಈ ಕೆರೆಯನ್ನೇ ಕುಡಿದು ಮುಗಿಸುತ್ತೇನೆ."

ಪಂಚಪ್ಪ ಅದನ್ನು ಹಿಂದಿಯಲ್ಲಿ ಗುಡುಗಿದ. ವ್ಯಾಲೆಂಟೈನ್ ಸೌಟನ್ನೇ ಎತ್ತಿ ಹಿಡಿದು ಮಲಯಾಳದಲ್ಲಿ ಕೂಗಿದ. ಸುಜು ಬೊಗಸೆ ಬೊಗಸೆಯಾಗಿ ನೀರು ಕುಡಿಯತೊಡಗಿದಳು. ಕೆರೆ ಇಳಿಯಿತು, ನಾಗದೈತ್ಯನ ಬೆನ್ನು ಕೆಸರಿನಲ್ಲಿ ಕಂಡಿತು. ಅವನು ತಲೆ ತಗ್ಗಿಸಿ ಹುಡುಗನನ್ನು ದಡಕ್ಕೆ ಬಿಟ್ಟ. ಹಾಲ್‌ನಲ್ಲಿ ಒಬ್ಬನೂ ಕೂತಿರಲಿಲ್ಲ. ಸೀಟಿ, ಚಪ್ಪಾಳೆ, ತಟ್ಟೆ ಬಡಿಯುವ ಸದ್ದು. ಅಕ್ಕನೇ ಗೆದ್ದಳೆಂದು ಅವರವರ ಭಾಷೆಯಲ್ಲಿ ಎಲ್ಲರೂ ಹೇಳಿಕೊಂಡರು. ಒಕಾಬೆ ಯಶ್ಮಿತಾಳ ಎದುರು ಬಂದು ಸೊಂಟ ಬಾಗಿಸಿ ವಂದಿಸಿದರು.

ದೀಪ ಹಾಕಿದರೂ ಯಾರೂ ಕದಲಲಿಲ್ಲ. ಇನ್ನೊಮ್ಮೆ ಹಾಕಬೇಕಂತೆ, ಮೊದಲಿಂದ. ಯಶ್ಮಿತಾ ಒಂದು ಬಾಟಲಿ ನೀರು ಗಟಗಟನೆ ಕುಡಿದಳು. ದೋಹಾಕ್ಕೆ ಹೊರಟಿದ್ದ ಬಸ್ಸಿನ ಡ್ರೈವರನಿಗೆ ಕಾಯಲು ಹೇಳಿ ಕಳಿಸಿದಳು.

"ಯಲ್ಲಾ, ನಡೀರಿ, ಹಾಕಿ," ಎಂದು ಅರಬ್ಬಿ ಬೆರೆಸಿ ಹೇಳಿದಳು.